ರೈಟರ್ ಅಳಿಸಿದ ಓಟಿ ಬಾಕ್ಸ್

ಗೋಣಿಕೊಪ್ಪದ ಒಂದು ಕಾಫಿ ಖರೀದಿ ಅಂಗಡಿಗೆ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಬಿಲ್ಲಿನ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಫೆಬ್ರವರಿ ಕೊನೆ, ಒಣಗಿದ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಮಾರಾಟಕ್ಕೆ ಬರುವ ಹೊತ್ತು. ಬೆಳಿಗ್ಗೆಯೇ ಅಂಗಡಿಯ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. "ಬಿಲ್ಲೇ ಬರ್ತಿಲ್ಲ ಮಾರಾಯ, ಹೊರಗೆ ನಾಲ್ಕು ಪಿಕಪ್ ನಿಂತಿದೆ."

ಹೋಗಿ ನೋಡಿದರೆ ಫಾರಂನಲ್ಲಿದ್ದ ಓಟಿ ಬಾಕ್ಸೇ ಇಲ್ಲ. ಓಟಿ ಅಂದರೆ ಔಟ್‌ಟರ್ನ್. 50 ಕೆಜಿ ಚೆರ್ರಿ ಚೀಲದಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಬಿಲ್ಲು ನಿಲ್ಲುವುದೇ ಅದರ ಮೇಲೆ. ರೈಟರ್ ಫಾರಂನ ವಿನ್ಯಾಸ ತಿದ್ದುವ ಲೇಔಟ್ ವ್ಯೂಗೆ ಹೋಗಿ ಅದನ್ನು ಅಳಿಸಿದ್ದರು. ಮುಚ್ಚುವಾಗ ಸೇವ್ ಮಾಡಲೇ ಅಂತ ಕೇಳಿದ್ದಕ್ಕೆ ಯೆಸ್ ಒತ್ತಿದ್ದರು. ನನ್ನ ಕೋಡ್ ಇಲ್ಲದ ಬಾಕ್ಸನ್ನು ಹುಡುಕಿ ಎರರ್ ಕೊಡುತ್ತಿತ್ತು.

ಬೈಯುವ ಹಾಗಿರಲಿಲ್ಲ. ಬಾಗಿಲು ತೆರೆದಿಟ್ಟವನು ನಾನೇ ಅಲ್ವಾ? ಅವತ್ತೇ ಫೈಲ್ ತೆರೆಯುವಾಗಿನ ಸ್ಟಾರ್ಟಪ್ ಆಯ್ಕೆಗಳಲ್ಲಿ, ಒಳಗಿನ ಟೇಬಲ್, ಫಾರಂಗಳನ್ನೆಲ್ಲ ತೋರಿಸುವ ನ್ಯಾವಿಗೇಷನ್ ಪೇನ್, ಫುಲ್ ಮೆನು ಎರಡನ್ನೂ ತೆಗೆದೆ. ಸ್ಪೆಷಲ್ ಕೀಗಳನ್ನೂ ಆಫ್ ಮಾಡಿದೆ. ಇಲ್ಲದಿದ್ದರೆ ಎಫ್11 ಒತ್ತಿದರೆ ಸಾಕು, ಪೇನ್ ಮತ್ತೆ ಬರುತ್ತದೆ.

ಮಾರನೇ ದಿನವೇ ಲೆಕ್ಕ ಇರುವ ಟೇಬಲ್‌ಗಳೆಲ್ಲ ರೈಟರ್ ಮುಂದೆ ತೆರೆದಿದ್ದವು. ಶಿಫ್ಟ್ ಒತ್ತಿ ಹಿಡಿದು ಫೈಲ್ ತೆರೆದರೆ ಈ ಸ್ಟಾರ್ಟಪ್ ಕಟ್ಟುಪಾಡು ಯಾವುದೂ ನಡೆಯುವುದಿಲ್ಲ. ಅವರಿಗೆ ಹೇಳಿಕೊಟ್ಟದ್ದು ಮೊಮ್ಮಗನಂತೆ! ಅದನ್ನು ತಡೆಯಲು ಅಲೋಬೈಪಾಸ್‌ಕೀ ಅನ್ನುವ ಪ್ರಾಪರ್ಟಿ ಇದೆ. ಹುಡುಕಿದರೆ ಮೊದಲು ಸಿಗುವುದಿಲ್ಲ, ಕೋಡ್ ಬರೆದು ನಾವೇ ಸೃಷ್ಟಿಸಿ ಫಾಲ್ಸ್ ಮಾಡಬೇಕು. ಇದೂ ಗಟ್ಟಿ ಬೀಗವಲ್ಲ. ಗೊತ್ತಿದ್ದವರು ಇನ್ನೊಂದು ಫೈಲ್‌ನಿಂದ ಕೋಡ್ ಓಡಿಸಿ ತಿರುಗಿ ಟ್ರೂ ಮಾಡಬಹುದು. ಕೈತಪ್ಪು ತಡೆಯುವುದಕ್ಕೆ ಸಾಕು, ಕಳ್ಳನಿಗೆ ಸಾಲದು.

ಕೊನೆಗೆ ಫೈಲನ್ನು ಎರಡು ಮಾಡಿದೆ. ಟೇಬಲ್‌ಗಳು ಬೇರೆ ಫೈಲ್‌ನಲ್ಲಿ, ಪಾಸ್‌ವರ್ಡ್ ಹಾಕಿ. ಫಾರಂಗಳ ಫೈಲನ್ನು ಎಸಿಸಿಡಿಇ ಅನ್ನುವ ಬೀಗ ಹಾಕಿದ ರೂಪಕ್ಕೆ ತಂದು ಕೊಟ್ಟೆ. ಅದರಲ್ಲಿ ಫಾರಂ, ರಿಪೋರ್ಟ್, ಕೋಡ್ ಯಾವುದನ್ನೂ ತಿದ್ದಲಾಗದು. ಆದರೆ ಟೇಬಲ್‌ನಿಂದ ಬೇಕಾದ್ದನ್ನು ಹೆಕ್ಕುವ ಕ್ವೆರಿಗಳನ್ನು ಆಗಲೂ ತಿದ್ದಬಹುದು. ಇದು ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಪೇನ್ ಮುಚ್ಚಿಯೇ ಇಟ್ಟೆ. ತಿದ್ದಬಹುದಾದ ಮೂಲ ಫೈಲ್, ಎಸಿಸಿಡಿಬಿ, ನನ್ನ ಹತ್ತಿರ ಎರಡು ಕಡೆ ಇದೆ. ಅದು ಹೋದರೆ ಎಸಿಸಿಡಿಇಯಿಂದ ಕೋಡ್ ವಾಪಸ್ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ಕಾಫಿ ಕುಡಿಯುವಾಗ, ಸುಮ್ನೆ ಕೇಳಿದೆ. "ಆ ಬಾಕ್ಸ್ ಯಾಕೆ ತೆಗೆದಿರಿ?"

"ಸ್ಯಾಂಪಲ್ ಸಿಪ್ಪೆ ತೆಗೆದು ಓಟಿ ಗೊತ್ತಾಗೋದೇ ಲೋಡ್ ಇಳಿಸಿದ ಮೇಲೆ. ನಿನ್ನ ಫಾರಂ ಮೊದಲೇ ಕೇಳ್ತದೆ, ತುಂಬದಿದ್ರೆ ಮುಂದಕ್ಕೆ ಬಿಡೋದಿಲ್ಲ. ನಾನೇನು ಮಾಡಲಿ?"

ಮನೆಗೆ ಬಂದು ಎಸಿಸಿಡಿಬಿ ತೆರೆದೆ. ಓಟಿ ಬಾಕ್ಸನ್ನು ಕೊನೆಗೆ ಇಳಿಸಿ, ಬಿಲ್ ಪ್ರಿಂಟ್ ಮಾಡುವಾಗ ಮಾತ್ರ ಕೇಳುವ ಹಾಗೆ ಮಾಡಿದೆ.