ಯಾವ ಪಿಸ್ತೂಲು ಕೊಳ್ಳಲಿ ಎಂದು ಕೇಳುವವರಿಗೆ

"ಅಕ್ಕಾ, ಯಾವ ಪಿಸ್ತೂಲು ತೆಗೆದುಕೊಳ್ಳಲಿ? ಗ್ಲಾಕ್ ಒಳ್ಳೆಯದೋ, ಸಿಗ್ ಒಳ್ಳೆಯದೋ?"

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸಿನ ಹೊರವಲಯದಲ್ಲಿ ನಾನೂ ನನ್ನ ಯಜಮಾನರೂ ನಡೆಸುವ ದಿನಸಿ ಅಂಗಡಿಗೆ ಬರುವವರು ತೊಗರಿಬೇಳೆಯ ಚೀಲವನ್ನು ಕೌಂಟರಿನ ಮೇಲಿಡುತ್ತಾ ಹೀಗೆ ಕೇಳುತ್ತಾರೆ. ಮಿಕ್ಸಿ ಯಾವ ಕಂಪನಿಯದಾದರೆ ಒಳ್ಳೆಯದು ಎಂದು ಕೇಳುವ ಧಾಟಿ. ಹಿಂದೆ ಸಾಲಿನಲ್ಲಿ ನಾಲ್ಕು ಜನ ಕಾಯುತ್ತಿರುತ್ತಾರೆ. ಬಾಯಿಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ.

ಉತ್ತರ ಇಷ್ಟೇ. ಹೆಸರುಳ್ಳ ಕಂಪನಿಯ, ನಿಮ್ಮ ಅಂಗೈಗೆ ಹೊಂದುವ ಯಾವುದಾದರೂ 9 ಎಂ.ಎಂ. ಪಿಸ್ತೂಲು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜುಗಳಲ್ಲಿ ಬಾಡಿಗೆಗೆ ಕೊಡುತ್ತಾರೆ, ನಾಲ್ಕಾರನ್ನು ಹೊಡೆದು ನೋಡಿ ಆರಿಸಿಕೊಳ್ಳಿ. ಅದಕ್ಕೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಷ್ಟೇ ಅಲ್ಲ, ಗುಂಡನ್ನು ಇಟ್ಟುಕೊಳ್ಳುವುದನ್ನೂ ಇಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ; ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದರೆ ಆ ಅಡ್ಡಿಯಿಲ್ಲ. ಪಕ್ಕದ ಮನೆಯವರ ಮಾತು ನಂಬಿ ಕೊಂಡರೆ ಕೆಲಸವೂ ಹೋಗುತ್ತದೆ, ದೇಶವನ್ನೂ ಬಿಡಬೇಕಾಗುತ್ತದೆ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಒಂದು ರಾಜ್ಯೋತ್ಸವದ ಊಟದಲ್ಲಿ ನಡೆದದ್ದು ನನ್ನ ತಲೆಯಿಂದ ಇಳಿದಿಲ್ಲ. ಎದುರಿಗೆ ಕುಳಿತಿದ್ದ ಒಬ್ಬರು ಹೋಳಿಗೆ ಮುರಿಯುತ್ತಾ ಮೊಬೈಲಿನಲ್ಲಿ ತಮ್ಮ ಹೊಸ ಪಿಸ್ತೂಲಿನ ಚಿತ್ರ ತೋರಿಸಿದರು. ಅಭ್ಯಾಸ ಹೇಗೆ ಎಂದೆ. ಪಿಸ್ತೂಲು ಜೊತೆಗೆ ಒಯ್ಯುವ ಲೈಸೆನ್ಸಿನ ಪರೀಕ್ಷೆ ಪಾಸಾದ ಮೇಲೆ ಮುಟ್ಟಿಯೇ ಇಲ್ಲ ಎಂದರು. ಎಲ್ಲಿದೆ ಎಂದೆ. ಗುಂಡು ತುಂಬಿ ಬೀರುವಿನಲ್ಲಿ, ಸೀರೆಗಳ ಕೆಳಗೆ. ಅವರ ಆರು ವರ್ಷದ ಮಗ ಪಕ್ಕದಲ್ಲೇ ಕುಳಿತು ಪಾಯಸ ಕುಡಿಯುತ್ತಿದ್ದ. "ಸಮಯ ಬಂದರೆ ಕೈ ತಾನಾಗಿಯೇ ಓಡುತ್ತದೆ ಬಿಡಿ. ನಿಮಗಂತೂ ಕಲಿಯುವುದೇ ಬೇಡ, ಕೊಡಗಿನವರು, ರಕ್ತದಲ್ಲೇ ಬಂದಿದೆ" ಎಂದರು.

ರಕ್ತದಲ್ಲಿ ಏನೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವನ್ನು ಏರಿಸಿ ಪೂಜೆ ಮಾಡುತ್ತೇವೆ, ಬಯಲಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತೇವೆ. ಕೊಡವರಿಗೂ ಕೊಡಗಿನ ಹಳೆಯ ಜಮ್ಮಾ ಪದ್ಧತಿಯ ಭೂಮಿ ಹಿಡುವಳಿದಾರರಿಗೂ ಭಾರತದ ಶಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇರುವುದೂ ನಿಜ. ಆದರೆ ಕೋವಿಯ ಹಿಡಿ ಭುಜಕ್ಕೆ ಒರಗುತ್ತದೆ, ಕೆನ್ನೆ ಅದಕ್ಕೆ ತಾಗುತ್ತದೆ, ನಳಿಗೆ ಉದ್ದ. ಪಿಸ್ತೂಲಿಗೆ ಅಂಥ ಆಸರೆ ಯಾವುದೂ ಇಲ್ಲ. ಚಾಚಿದ ಎರಡು ಕೈಗಳ ತುದಿಯಲ್ಲಿ ನಿಂತಿರುತ್ತದೆ. ಬೆರಳು ಕೂದಲೆಳೆಯಷ್ಟು ಅತ್ತಿತ್ತ ಎಳೆದರೂ ಹತ್ತು ಗಜದಾಚೆ ಗುಂಡು ಎಲ್ಲೋ ಬೀಳುತ್ತದೆ. ನನ್ನ ಅಜ್ಜ ತೆಂಗಿನಕಾಯಿ ಒಡೆದದ್ದು ನನ್ನ ಬೆರಳಿಗೆ ಏನನ್ನೂ ಕಲಿಸಿಲ್ಲ.

ಆ ಪರೀಕ್ಷೆಯ ಮಾತಿಗೆ ಬರೋಣ. ಟೆಕ್ಸಾಸಿನಲ್ಲಿ 3, 7 ಮತ್ತು 15 ಗಜಗಳಿಂದ ಒಟ್ಟು 50 ಗುಂಡು ಹೊಡೆಯಬೇಕು. 250 ಅಂಕಕ್ಕೆ 175 ಬಂದರೆ ಪಾಸು. ಗುರಿ ಆಳಿನ ಗಾತ್ರದ್ದು. ಪಿಸ್ತೂಲನ್ನು ಒರೆಯಿಂದ ಸೆಳೆಯಬೇಕಾಗಿಲ್ಲ, ಓಡಬೇಕಾಗಿಲ್ಲ, ಕತ್ತಲೆಯಿಲ್ಲ. 2021ರ ಸೆಪ್ಟೆಂಬರ್ 1ರಿಂದ ಅದೂ ಕಡ್ಡಾಯವಲ್ಲ. 21 ತುಂಬಿದ, ಕಾನೂನಿನ ಬೇರೆ ಅಡ್ಡಿಯಿಲ್ಲದವರು ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು. ಅಂದರೆ ಒಂದು ಗುಂಡನ್ನೂ ಹಾರಿಸದವರು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಅಂಗಡಿಯೊಳಗೆ ಬರಬಹುದು. ನನಗೆ ಭಯ ಹುಟ್ಟಿಸುವುದು ಕಳ್ಳರಷ್ಟೇ ಅಲ್ಲ.

ಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸ. ಕೊಂಡ ಮೇಲೆ ಕೈಯನ್ನು ಹದದಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಕೇಳಿ, ಅಂಗಡಿ ಮುಚ್ಚಿದ ಮೇಲೂ ನಿಂತು ಹೇಳುತ್ತೇನೆ.

ಹೆಚ್ಚಿನ ಅಭ್ಯಾಸಕ್ಕೆ ರೇಂಜೂ ಬೇಡ, ಗುಂಡೂ ಬೇಡ. ಡ್ರೈ ಫೈರ್ ಎನ್ನುತ್ತಾರೆ: ಖಾಲಿ ಪಿಸ್ತೂಲಿನಿಂದ ಮನೆಯಲ್ಲೇ ಮಾಡುವ ಅಭ್ಯಾಸ. ಮೊದಲು ಗುಂಡು ತುಂಬುವ ಮ್ಯಾಗಜೀನ್ ತೆಗೆಯಿರಿ, ಮೇಲೆ ಜಾರುವ ಸ್ಲೈಡ್ ಎಳೆದು ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಗುಂಡುಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ ಬಾಗಿಲು ಹಾಕಿ. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆಯದು, ಗುಂಡನ್ನು ತಡೆಯುವುದಿಲ್ಲ. ಆದ್ದರಿಂದ ನಾನು ಇಟ್ಟಿಗೆಯ ಅಗ್ಗಿಷ್ಟಿಕೆಯ ಕಡೆಗೇ ಗುರಿಯಿಡುತ್ತೇನೆ. ಪಿಸ್ತೂಲಿನ ಮುಂದಿನ ಗುರಿಮೊನೆಯ ಹಿಂದೆ, ಸ್ಲೈಡಿನ ಮೇಲೆ, ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೊಳವೆಯೊಂದನ್ನು ನಿಲ್ಲಿಸಿ. ಈಗ ಟ್ರಿಗರನ್ನು ಒತ್ತಿ. ಕೊಳವೆ ಅಲುಗದೆ ನಿಂತರೆ ಸರಿಯಾಗಿ ಒತ್ತಿದ್ದೀರಿ. ಟಣ್ ಎಂದು ನೆಲಕ್ಕೆ ಬಿದ್ದರೆ ಬೆರಳಿನ ಜೊತೆ ಇಡೀ ಕೈಯನ್ನು ಹಿಂಡಿದ್ದೀರಿ. ಮತ್ತೆ ಸ್ಲೈಡ್ ಎಳೆಯಿರಿ, ಮತ್ತೆ ನಿಲ್ಲಿಸಿ. ಬೇಸರ ಬರುತ್ತದೆ; ಬಂದರೆ ಬರಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಮುಗಿದಾಗ "ಮುಗಿಯಿತು" ಎಂದು ಬಾಯಿಬಿಟ್ಟು ಹೇಳಿ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಗುಂಡು ತುಂಬಿಕೊಂಡ ಮೇಲೆ "ಇನ್ನೊಂದೇ ಸಲ" ಎಂದು ಎತ್ತಿದವರೇ ಟಿವಿಗೂ ಗೋಡೆಗೂ ತೂತು ಮಾಡಿರುವುದು.

ಒರೆಯಿಂದ ಸೆಳೆಯುವುದನ್ನು ಅನೇಕ ಖಾಸಗಿ ರೇಂಜುಗಳು ಬಿಡುವುದೇ ಇಲ್ಲ, ಆದ್ದರಿಂದ ಅದನ್ನೂ ಮನೆಯಲ್ಲೇ ಕಲಿಯಬೇಕು. ನೀವು ನಿಜವಾಗಿ ತೊಡುವ ಬಟ್ಟೆಯಲ್ಲೇ ಕಲಿಯಿರಿ. ನಾನು ಅಂಗಡಿಯಲ್ಲಿ ಕುರ್ತಾ ತೊಡುತ್ತೇನೆ. ಅದರ ಅಂಚನ್ನು ಎಡಗೈ ಪೂರ್ತಿ ಮೇಲೆತ್ತದಿದ್ದರೆ ಬಟ್ಟೆ ಹಿಡಿಯೊಳಗೆ ಸಿಕ್ಕಿಕೊಳ್ಳುತ್ತದೆ. ಜೀನ್ಸಿನಲ್ಲಿ ಕಲಿತದ್ದು ಕುರ್ತಾದಲ್ಲಿ ನಡೆಯುವುದಿಲ್ಲ. ನಿಧಾನವಾಗಿ, ಬೆರಳು ಟ್ರಿಗರಿನಿಂದ ದೂರವಿಟ್ಟು.

ರೇಂಜಿಗೆ ಹೋದಾಗ ಗುಂಡಿನ ಪೆಟ್ಟಿಗೆಗಳನ್ನು ಸುಮ್ಮನೆ ಖಾಲಿ ಮಾಡಬೇಡಿ. ಹೋದೊಡನೆ, ಕೈ ಬಿಸಿಯಾಗುವ ಮುನ್ನ, ಹೊಸ ಕಾಗದಕ್ಕೆ ಐದು ಗುಂಡು ಹೊಡೆದು ಅದರ ಮೇಲೆ ತಾರೀಖು ಬರೆದಿಡಿ. ನಿಮ್ಮ ನಿಜವಾದ ಮಟ್ಟ ಅದೇ. ಕಷ್ಟ ಬಂದಾಗ ಕೈ ಬಿಸಿಮಾಡಿಕೊಳ್ಳಲು ಯಾರೂ ಸಮಯ ಕೊಡುವುದಿಲ್ಲ. ಆಮೇಲೆ ಜೊತೆಯವರಿಂದ ಮ್ಯಾಗಜೀನ್ ತುಂಬಿಸಿ, ನಡುನಡುವೆ ಡಮ್ಮಿ ಗುಂಡು ಸೇರಿಸಿರಲಿ. ಡಮ್ಮಿ ಬಂದಾಗ ಸದ್ದಿಲ್ಲ, ಆದರೆ ನಳಿಗೆಯ ಮೂತಿ ಸರಕ್ಕನೆ ಕೆಳಗೆ ಬಾಗುವುದು ಕಾಣುತ್ತದೆ. ಸದ್ದಿಗೆ ಮೈ ಮೊದಲೇ ಬೆದರುತ್ತಿದೆ ಎಂದು ಅರ್ಥ. ನಿಮ್ಮ ಗುಂಡುಗಳೆಲ್ಲ ಗುರಿಯ ಕೆಳಗೆ ಬೀಳುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ. ಪಿಸ್ತೂಲನ್ನು ಬದಲಾಯಿಸಬೇಡಿ.

ಆತ್ಮರಕ್ಷಣೆಯ ಪಿಸ್ತೂಲು ಪಂದ್ಯಗಳನ್ನು ನಡೆಸುವ ಐ.ಡಿ.ಪಿ.ಎ. ಎಂಬ ಸಂಸ್ಥೆ 1996ರಲ್ಲಿ ಹುಟ್ಟಿದ್ದು. ಅದರ ಸ್ಥಳೀಯ ಪಂದ್ಯಗಳಿಗೆ ಹೊಸಬರೂ ಸೇರಬಹುದು. ಅಂಗಿಯ ಮರೆಯಿಂದ ಸೆಳೆದು, ಗೋಡೆಯ ಮರೆಯಿಂದ ಇಣುಕಿ ಹೊಡೆಯಬೇಕು, ಟೈಮರ್ ಬೀಪ್ ಎನ್ನುತ್ತದೆ, ಹಿಂದೆ ಜನ ನೋಡುತ್ತಿರುತ್ತಾರೆ. ಸುರಕ್ಷತೆಯ ನಿಯಮ ಮುರಿದವರನ್ನು ಅಲ್ಲೇ ಪಂದ್ಯದಿಂದ ಹೊರಹಾಕುತ್ತಾರೆ. ಆಟ ಬೇರೆ, ಬದುಕು ಬೇರೆ ಎಂದು ಮೂಗು ಮುರಿಯುವವರಿದ್ದಾರೆ. ಎದೆ ಡವಗುಟ್ಟುವಾಗಲೂ ಬೆರಳನ್ನು ಟ್ರಿಗರಿನಿಂದ ಹೊರಗಿಡಲು ಇಷ್ಟು ಅಗ್ಗವಾಗಿ ಕಲಿಸುವ ಬೇರೆ ಜಾಗವನ್ನು ಅವರೇ ತೋರಿಸಲಿ.

1983ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಒಂದು ಲೆಕ್ಕ ಬರೆದರು: ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ. ನಮ್ಮ ಬಾಗಿಲಿನಿಂದ ಗಲ್ಲಾಪೆಟ್ಟಿಗೆಗೆ ಅಷ್ಟೂ ದೂರವಿಲ್ಲ. ಆದ್ದರಿಂದ ನಾವು ಮೊದಲು ಮಾಡಿದ್ದು ರಾತ್ರಿ ಮುಂಬಾಗಿಲಿಗೆ ಗುಂಡಿಯೊತ್ತಿದರೆ ತೆರೆಯುವ ಬೀಗ ಹಾಕಿಸಿದ್ದು, ಹಿಂಬಾಗಿಲ ದಾರಿಯಲ್ಲಿ ಪೇರಿಸಿದ್ದ ಅಕ್ಕಿ ಮೂಟೆಗಳನ್ನು ತೆಗೆಸಿದ್ದು. ಗಲ್ಲಾ ಕೇಳಿದರೆ ಕೊಟ್ಟುಬಿಡುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ರಕ್ತ ನಿಲ್ಲಿಸುವ ಟೂರ್ನಿಕೆ ಪಟ್ಟಿ ಕಟ್ಟುವುದನ್ನೂ ಕಲಿತಿದ್ದೇವೆ. 2015ರಲ್ಲಿ ಆರಂಭವಾದ 'ಸ್ಟಾಪ್ ದ ಬ್ಲೀಡ್' ತರಗತಿಗಳು ಅನೇಕ ಊರುಗಳಲ್ಲಿ ನಡೆಯುತ್ತವೆ. ಪಿಸ್ತೂಲಿಗಿಂತ ಅದು ಉಪಯೋಗಕ್ಕೆ ಬರುವ ಸಂಭವವೇ ಹೆಚ್ಚು.

ಇನ್ನೊಂದು ಮಾತು. ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಮುಟ್ಟಬೇಡಿ. ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ.

ಆ ರಾಜ್ಯೋತ್ಸವದ ಊಟದ ದಿನ, ಪಿಸ್ತೂಲಿನ ಚಿತ್ರ ತೋರಿಸಿದವರಿಗೆ ಕಾನೂನನ್ನೇ ಹೇಳಿದೆ. ಟೆಕ್ಸಾಸಿನಲ್ಲಿ 17 ತುಂಬದ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಇಡುವುದು ಅಪರಾಧ. ಅವರ ಹೆಂಡತಿ ಕೇಳಿಸಿಕೊಂಡು ಎದ್ದರು, ಗಂಡನನ್ನೂ ಎಬ್ಬಿಸಿದರು. ಬೆರಳಚ್ಚಿಗೆ ತೆರೆಯುವ ಪೆಟ್ಟಿಗೆಯನ್ನು ಅದೇ ಸಂಜೆ ಕೊಂಡರಂತೆ. ಅಭ್ಯಾಸ ಇನ್ನೂ ಶುರುವಾಗಿಲ್ಲ. ಆ ಹೆಂಡತಿ ಮಾತ್ರ ಈಗ ಭಾನುವಾರ ಬೆಳಿಗ್ಗೆ ನನ್ನ ಜೊತೆ ರೇಂಜಿಗೆ ಬರುತ್ತಾರೆ. ನೀವೂ ಬರಬಹುದು. ಏನನ್ನೂ ಕೊಳ್ಳದೆ ಬನ್ನಿ, ಕಿವಿಗೂ ಕಣ್ಣಿಗೂ ರಕ್ಷಣೆ ಅಲ್ಲೇ ಕೊಡುತ್ತಾರೆ.