ರಥಬೀದಿಯಲ್ಲಿ ಸೂರ್ಯ, ಮಲ್ಪೆಯಲ್ಲಿ ನೆಪ್ಚೂನ್

ಪಾಠಪುಸ್ತಕದ ಸೌರಮಂಡಲದ ಚಿತ್ರಗಳೆಲ್ಲ ಸುಳ್ಳು ಹೇಳುತ್ತವೆ. ಹೇಳದೆ ಅವಕ್ಕೆ ಗತಿಯೂ ಇಲ್ಲ. ಸೂರ್ಯನಿಂದ ನೆಪ್ಚೂನ್‌ವರೆಗಿನ ದೂರವನ್ನು ಒಂದು ಪುಟದ ಉದ್ದಕ್ಕೆ, 25 ಸೆಂ.ಮೀ.ಗೆ ಇಳಿಸಿದರೆ ಸೂರ್ಯನೇ ತಲೆಗೂದಲಿನ ದಪ್ಪದ ಚುಕ್ಕೆಯಾಗುತ್ತಾನೆ, ಭೂಮಿ ಕಣ್ಣಿಗೇ ಬೀಳುವುದಿಲ್ಲ. ಚಿತ್ರ ಬರೆಯುವವರು ಒಂದೋ ಗಾತ್ರ ಸರಿ ಇಡಬೇಕು, ಇಲ್ಲವೋ ದೂರ ಸರಿ ಇಡಬೇಕು. ಹೆಚ್ಚಿನವರು ಎರಡನ್ನೂ ಬಿಟ್ಟು ಬಣ್ಣ ಮಾತ್ರ ಸರಿ ಇಡುತ್ತಾರೆ.

ನಾನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಊರು ಉಡುಪಿ. ನನ್ನ ಕ್ಲಾಸಿಗೆ ಇಲ್ಲಿ ಇಯರ್ ಫೈವ್ ಅನ್ನುತ್ತಾರೆ, ಮಕ್ಕಳಿಗೆ ಒಂಬತ್ತು ಹತ್ತು ವರ್ಷ. ಗ್ರಹಗಳ ಪಾಠ ಇಲ್ಲಿನ ಪಠ್ಯಕ್ರಮದಲ್ಲಿ ಬರುವುದು ಇದೇ ವರ್ಷ. ಪ್ರೈಮರಿಯಲ್ಲಿ ಸಾಮಾನ್ಯವಾಗಿ ಒಂದು ಕ್ಲಾಸಿಗೆ ವರ್ಷವಿಡೀ ಒಬ್ಬರೇ ಟೀಚರ್. ಇಂಗ್ಲಿಷ್, ಗಣಿತ, ವಿಜ್ಞಾನ, ಚಿತ್ರಕಲೆ ಎಲ್ಲ ಅವರದೇ ತಲೆಗೆ. ಹಾಗಾಗಿ ಗಣಿತದ ಮಾಷ್ಟ್ರ ಹತ್ತಿರ ಪೀರಿಯಡ್ ಬೇಡುವ, ಸಮಾಜದ ಟೀಚರಿಗೆ ಬೇಸರವಾಯಿತೋ ಏನೋ ಎಂದು ಮುಖ ನೋಡುವ ತಾಪತ್ರಯ ಇಲ್ಲ. ಒಂದೇ ವಿಷಯವನ್ನು ಆರೇಳು ವಾರ ಎಲ್ಲ ಪೀರಿಯಡುಗಳಲ್ಲೂ ಎಳೆದುಕೊಂಡು ಹೋಗಬಹುದು.

ಊರಿನ ಟೀಚರ್ ಗೆಳತಿಯರು ಫೋನಿನಲ್ಲಿ ಕೇಳುವುದು ಇದನ್ನೇ: "ಎಲ್ಲ ಸಬ್ಜೆಕ್ಟನ್ನೂ ಗ್ರಹಕ್ಕೆ ಹೇಗೆ ಮಾರಾಯ್ತಿ ಕಟ್ಟುವುದು?" ಎಲ್ಲವನ್ನೂ ಕಟ್ಟಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗಣಿತ ತಾನಾಗಿಯೇ ಬರುತ್ತದೆ. ಬುಧ ಗ್ರಹದಲ್ಲಿ ಹಗಲು 430 ಡಿಗ್ರಿ ಸೆಲ್ಸಿಯಸ್, ರಾತ್ರಿ ಮೈನಸ್ 180. ಎಷ್ಟು ಇಳಿಯಿತು ಎಂದು ಕೇಳಿದರೆ ಋಣಸಂಖ್ಯೆಯ ಪಾಠ ಶುರುವಾದ ಹಾಗೆಯೇ. ಬುಧನಿಗಿಂತ ದೂರದಲ್ಲಿರುವ ಶುಕ್ರನಲ್ಲಿ ಮಾತ್ರ ಹಗಲೂ ರಾತ್ರಿಯೂ ಸುಮಾರು 465 ಡಿಗ್ರಿ. ಸೂರ್ಯನಿಂದ ದೂರ ಹೋದ ಮೇಲೆ ಬಿಸಿ ಹೆಚ್ಚಾದದ್ದು ಹೇಗೆ ಎಂಬ ಜಗಳ ಮಕ್ಕಳ ಮಧ್ಯೆ ಹತ್ತಿಕೊಂಡರೆ, ಕಾರ್ಬನ್ ಡೈಆಕ್ಸೈಡಿನ ದಪ್ಪ ಹೊದಿಕೆಯ ಪಾಠಕ್ಕೆ ನಾನು ಪೀಠಿಕೆ ಹಾಕಬೇಕಾಗಿಲ್ಲ. ಭಾಷೆಯ ಪೀರಿಯಡಿನಲ್ಲಿ "ಮಂಗಳ ಗ್ರಹಕ್ಕೆ ಪ್ರವಾಸ ಬನ್ನಿ" ಎಂದು ಜಾಹೀರಾತು ಬರೆಸುತ್ತೇವೆ. ಉಸಿರಾಡಲು ಗಾಳಿಯಿಲ್ಲದ ಜಾಗಕ್ಕೆ ಜನರನ್ನು ಸುಳ್ಳು ಹೇಳದೆ ಕರೆಯುವುದು ಸುಲಭವಲ್ಲ. ಇವೆಲ್ಲ ನಿಜವಾದ ಜೋಡಣೆ. ಆದರೆ ಗುರುಗ್ರಹದ ಪಟ್ಟೆಗಳನ್ನು ನೀರಿನ ಮೇಲೆ ತೇಲಿಸಿದ ಬಣ್ಣದಿಂದ ಕಾಗದಕ್ಕೆ ಎತ್ತಿಸುವುದು ಇದೆಯಲ್ಲ, ಗೋಡೆಗೆ ಅಂಟಿಸಲು ಚಂದ. ಗುರುಗ್ರಹದ ಬಗ್ಗೆ ಅದರಿಂದ ಮಗುವಿಗೆ ತಿಳಿಯುವುದು ಅಷ್ಟಕ್ಕಷ್ಟೆ. ಇನ್‌ಸ್ಪೆಕ್ಷನ್ ಬಂದಾಗ ಎಲ್ಲರೂ ಫೋಟೋ ಹಿಡಿಯುವುದು ಮಾತ್ರ ಅದರದ್ದೇ.

ಬ್ರಿಸ್ಟಲ್‌ನಲ್ಲಿರುವುದರ ಒಂದು ಲಾಭ, ಪಕ್ಕದಲ್ಲೇ ಬಾತ್ ಪಟ್ಟಣ ಇದೆ. ಅಲ್ಲಿನ ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರಿನ ಮನೆಯ ಹಿತ್ತಿಲಲ್ಲಿ ನಿಂತು ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರ ರಾತ್ರಿ ಯುರೇನಸ್ ಕಂಡದ್ದು. ಅವನೂ ಹೊರನಾಡಿನವನೇ. ಜರ್ಮನಿಯ ಹ್ಯಾನೋವರಿನಿಂದ ಬಂದು ಚರ್ಚಿನಲ್ಲಿ ಆರ್ಗನ್ ನುಡಿಸಿ, ಸಂಗೀತ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ. ದೂರದರ್ಶಕದ ಕನ್ನಡಿಯನ್ನು ತಾನೇ ಉಜ್ಜಿ ತಯಾರಿಸುತ್ತಿದ್ದ. ಉಜ್ಜಲು ಕೂತರೆ ಗಂಟೆಗಟ್ಟಲೆ ಕೈ ತೆಗೆಯುವಂತಿರಲಿಲ್ಲ, ತಂಗಿ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು. ಆ ಮನೆ ಈಗ ಮ್ಯೂಸಿಯಂ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಪುಟಗಟ್ಟಲೆ ಫಾರ್ಮ್ ತುಂಬಬೇಕು. ಯಾರು ಎಲ್ಲಿ ಜಾರಿ ಬಿದ್ದಾರು, ಯಾರಿಗೆ ಕಡಲೆಕಾಯಿ ಆಗುವುದಿಲ್ಲ, ಎಲ್ಲ ಮೊದಲೇ ಬರೆದು ಕೊಡಬೇಕು. ಆದರೂ ತಪ್ಪಿಸುವುದಿಲ್ಲ. ಹೊಸ ಗ್ರಹವನ್ನು ಆತ ಮೊದಲು ಧೂಮಕೇತು ಎಂದುಕೊಂಡಿದ್ದ ಎಂಬುದನ್ನು ಆ ಹಿತ್ತಿಲಲ್ಲೇ ಹೇಳಬೇಕು. 1930ರಲ್ಲಿ ಸಿಕ್ಕಿದ ಪ್ಲುಟೊಗೆ ಹೆಸರು ಸೂಚಿಸಿದವಳು ಆಕ್ಸ್‌ಫರ್ಡಿನ ಹನ್ನೊಂದು ವರ್ಷದ ಹುಡುಗಿ, ವೆನೀಷಿಯಾ ಬರ್ನಿ. ಅಷ್ಟು ಗೊತ್ತಾದ ದಿನದಿಂದ ನನ್ನ ಕ್ಲಾಸಿನಲ್ಲಿ ಇಲ್ಲದ ಗ್ರಹಗಳಿಗೂ ಹೆಸರು ರೆಡಿ.

ಇದರ ನಡುವೆ ಊರಿನಿಂದ ತಮ್ಮನ ಹೆಂಡತಿಯ ವಾಟ್ಸ್ಆ್ಯಪ್ ಬರುತ್ತದೆ. "ಅಕ್ಕ, ಇವನಿಗೆ ನಾಳೆ ಸೋಲಾರ್ ಸಿಸ್ಟಮ್ ಪ್ರಾಜೆಕ್ಟ್ ಕೊಡ್ಲಿಕ್ಕುಂಟು." ಜೊತೆಗೊಂದು ಫೋಟೋ. ಥರ್ಮಾಕೋಲಿನ ಹಲಗೆ, ಅಂಗಡಿಯಿಂದ ತಂದ ಬಣ್ಣದ ಉಂಡೆಗಳು, ಫೆವಿಕಾಲು. ಉಂಡೆ ಚುಚ್ಚುತ್ತಿರುವ ಕೈ ತಮ್ಮನದ್ದು, ಹುಡುಗ ಹಿಂದೆ ಮಂಚದಲ್ಲಿ ನಿದ್ದೆ. ಇದು ಉಡುಪಿಗೆ ಮಾತ್ರ ಅಂಟಿದ್ದಲ್ಲ, ಬ್ರಿಸ್ಟಲ್‌ನ ಅಪ್ಪಂದಿರೂ ರಾತ್ರಿ ಹನ್ನೊಂದಕ್ಕೆ ಶನಿಯ ಬಳೆ ಕತ್ತರಿಸುತ್ತಾರೆ. ಎಂಟು ಉಂಡೆ ಸಾಲಾಗಿ ನಿಂತರೆ ಪ್ರಾಜೆಕ್ಟ್ ಮುಗಿಯಿತು ಎಂದು ಎರಡೂ ಕಡೆ ತಿಳಿದಿದ್ದಾರೆ. ಅಳತೆಯೇ ಇಲ್ಲದ ಮಾದರಿಯಲ್ಲಿ ಮಗುವಿಗೆ ಮಾಡಲು ಇರುವುದಾದರೂ ಏನು?

ಆಗಸ್ಟಿನಲ್ಲಿ ನನಗೆ ರಜೆ, ಊರಿನ ಮಕ್ಕಳಿಗೆ ಶಾಲೆ, ಎಲ್ಲರಿಗೂ ಮಳೆ. ಹೊಳವಾದ ಒಂದು ಭಾನುವಾರ ತಮ್ಮನ ಮಗನನ್ನೂ ಪಕ್ಕದ ಮನೆಗಳ ಮಕ್ಕಳನ್ನೂ ಕಟ್ಟಿಕೊಂಡು ಹೊರಟೆವು. ಲೆಕ್ಕ ಹಿಂದಿನ ದಿನವೇ ಚಾವಡಿಯಲ್ಲಿ ಕೂತು ಆಗಿತ್ತು. ರಥಬೀದಿಯಿಂದ ಮಲ್ಪೆ ಬೀಚಿಗೆ ಸುಮಾರು ಆರು ಕಿಲೋಮೀಟರ್. ಸೂರ್ಯನಿಂದ ಭೂಮಿಗೆ ಸುಮಾರು 15 ಕೋಟಿ ಕಿ.ಮೀ., ನೆಪ್ಚೂನ್‌ಗೆ ಅದರ ಮೂವತ್ತು ಪಟ್ಟು. ಹಾಗಾದರೆ ನೆಪ್ಚೂನ್ ಮಲ್ಪೆಯಲ್ಲಿದ್ದರೆ ಭೂಮಿ ಎಷ್ಟು ದೂರ? ಆರು ಸಾವಿರ ಮೀಟರನ್ನು ಮೂವತ್ತರಿಂದ ಭಾಗಿಸಿದರೆ ಇನ್ನೂರು ಮೀಟರ್. ಅಲ್ಲಿಂದ ಉಳಿದದ್ದನ್ನೆಲ್ಲ ಮಕ್ಕಳೇ ತೆಗೆದರು. ಇದೇ ಅಳತೆಗೆ ಸೂರ್ಯನ ಅಡ್ಡಗಲ 1.86 ಮೀಟರ್, ಭೂಮಿ 17 ಮಿಲಿಮೀಟರ್.

ಸೂರ್ಯನಿಗೆ ಹಳೆಯ ಉದಯವಾಣಿ ಹಾಳೆಗಳನ್ನು ಅಂಟಿಸಿ ದೊಡ್ಡ ಚಕ್ರ ಕತ್ತರಿಸಿದೆವು. ಭೂಮಿ, ಶುಕ್ರ ಎರಡಕ್ಕೂ ಗೋಲಿ. ಮಂಗಳನಿಗೆ ಕಾಬೂಲಿ ಕಡಲೆ, ಬುಧನಿಗೆ ಒಣ ಬಟಾಣಿ. ಗುರುವಿಗೆ 19 ಸೆಂ.ಮೀ. ಬೇಕು. ಹಿತ್ತಿಲಲ್ಲಿ ಬಿದ್ದ ತೆಂಗಿನಕಾಯಿಗಳನ್ನೆಲ್ಲ ಸಿಪ್ಪೆ ಸಮೇತ ಅಳೆದು, ಹತ್ತಿರದ್ದೊಂದನ್ನು ಆರಿಸಿದರು. ಶನಿಗೆ ಸಣ್ಣದೊಂದು ಎಳನೀರು, ಸುತ್ತ ರಟ್ಟಿನ ಬಳೆ. ಯುರೇನಸ್ ಮತ್ತು ನೆಪ್ಚೂನ್ ಸುಮಾರು ಆರೂಮುಕ್ಕಾಲು ಸೆಂ.ಮೀ., ಸರಿಯಾಗಿ ಟೆನ್ನಿಸ್ ಬಾಲ್. ಅದಕ್ಕೆ ನಮ್ಮ ಕೇರಿಯಲ್ಲಿ ಯಾವತ್ತೂ ಬರ ಇಲ್ಲ.

ಕನಕ ಗೋಪುರದ ಎದುರು ಕಾಗದದ ಸೂರ್ಯನನ್ನು ಇಬ್ಬರು ಹಿಡಿದು ನಿಂತರು. ಬುಧ 78 ಮೀಟರ್, ಶುಕ್ರ 144. ಇನ್ನೂರು ಮೀಟರಿಗೆ ಭೂಮಿ ಎಂದು ಗೋಲಿ ಹಿಡಿದ ಹುಡುಗ ತಿರುಗಿ ನೋಡಿ, "ಅತ್ತೇ, ಸೂರ್ಯ ಕಾಣುವುದೇ ಇಲ್ಲ, ಜನ ಅಡ್ಡ" ಅಂದ. ಅಲ್ಲೇ ಬೆಳಕಿನ ಆಟ ಆಡಿದೆವು. ಸೂರ್ಯನ ಬೆಳಕು ಭೂಮಿಗೆ ಬರಲು 8 ನಿಮಿಷ 20 ಸೆಕೆಂಡು ಬೇಕು. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ 40 ಸೆಂ.ಮೀ., ಮಗುವಿನ ಒಂದು ಸಣ್ಣ ಹೆಜ್ಜೆ. ಪಕ್ಕದ ಮನೆಯ ಹುಡುಗಿ ಬೆಳಕಾದಳು. ಸೆಕೆಂಡಿಗೊಂದು ಹೆಜ್ಜೆ, ಒಂದು ಕೂಡ ಹೆಚ್ಚಿಡುವ ಹಾಗಿಲ್ಲ. ಗಂಧ ಹಚ್ಚಿಕೊಂಡು ಹೋಗುವವರು, ಊಟದ ಸಾಲಿಗೆ ಓಡುವವರು, ಬಾಳೆಹಣ್ಣಿನ ಸಿಪ್ಪೆ ಹುಡುಕುತ್ತಿದ್ದ ದನ, ಎಲ್ಲರೂ ಬೆಳಕನ್ನು ಹಿಂದೆ ಹಾಕಿದರು. ಒಬ್ಬ ಅಜ್ಜ ನಿಂತು "ಮಗುವಿಗೆ ಕಾಲುನೋವಾ?" ಎಂದು ಕೇಳಿ ಹೋದರು. ಎಂಟು ನಿಮಿಷ ಅವಳು ನಗಲಿಲ್ಲ. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಎಂದು ಇವರೆಲ್ಲ ಬಾಯಿಪಾಠ ಹೇಳುತ್ತಾರೆ. ಆಕಾಶದ ದೂರದ ಮುಂದೆ ಅದು ಇಷ್ಟು ನಿಧಾನ ಎಂದು ಗೊತ್ತಾದದ್ದು ರಥಬೀದಿಯಲ್ಲಿ.

ಮಂಗಳ ಮುನ್ನೂರು ಮೀಟರಿಗೆ ಮುಗಿಯಿತು. ಆಮೇಲೆ ನಡೆದಷ್ಟೂ ಖಾಲಿ. ಗುರು ಬಂದದ್ದು ಒಂದು ಕಿಲೋಮೀಟರ್ ದಾಟಿ, ಸಿಟಿ ಬಸ್ ಸ್ಟ್ಯಾಂಡಿನ ಆಸುಪಾಸು. ಶನಿ ಕರಾವಳಿ ಬೈಪಾಸಿನ ಹತ್ತಿರ. ಎಳನೀರು ಹಿಡಿದು ಹೆದ್ದಾರಿ ದಾಟುವಾಗ ಮಳೆ ಹೊಯ್ದು ರಟ್ಟಿನ ಬಳೆ ಮುದ್ದೆಯಾಯಿತು. ಮುಂದಕ್ಕೆ ನಡೆಯಲು ಯಾರೂ ಒಪ್ಪದೆ ಮಲ್ಪೆ ಬಸ್ ಹತ್ತಿದೆವು. ಆದಿಉಡುಪಿ ದಾಟಿದ ಮೇಲೆ, ಕಲ್ಮಾಡಿಯ ಕಡೆ ಎಲ್ಲೋ ಯುರೇನಸ್ ಕಿಟಕಿಯಲ್ಲೇ ಹೋಯಿತು. ದಾರಿ ಬಳಸಿಕೊಂಡು ಹೋಗುತ್ತದೆ, ನೇರ ಗೆರೆಯಲ್ಲ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಮಲ್ಪೆಯಲ್ಲಿ ನೆಪ್ಚೂನನ್ನು ಮರಳಿನ ಮೇಲೆ ಇಟ್ಟ ಎರಡು ನಿಮಿಷಕ್ಕೆ ಅದರಲ್ಲೇ ಕ್ರಿಕೆಟ್ ಶುರು.

ಅಲ್ಲಿ ಕೂತು ಚುರುಮುರಿ ತಿನ್ನುವಾಗ ಬೆಳಕಾಗಿದ್ದ ಹುಡುಗಿ ಕೇಳಿದಳು, "ಇನ್ನು ಹತ್ತಿರದ ನಕ್ಷತ್ರ ಎಲ್ಲಿ, ಲಕ್ಷದ್ವೀಪದಲ್ಲಾ?" ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರ. ನಮ್ಮ ಅಳತೆಗೆ ತಂದರೆ 53,000 ಕಿ.ಮೀ. ಮೀರುತ್ತದೆ. ಭೂಮಿಯ ಸುತ್ತಳತೆಯೇ 40,000. ಮಲ್ಪೆಯಿಂದ ಹೊರಟು ಇಡೀ ಭೂಮಿಗೆ ಒಂದು ಸುತ್ತು ಹಾಕಿ ಮತ್ತೆ ಮಲ್ಪೆಗೇ ಬಂದರೂ ಇನ್ನೂ ಹದಿಮೂರು ಸಾವಿರ ಚಿಲ್ಲರೆ ಉಳಿಯುತ್ತದೆ. ಇದನ್ನು ಅವಳು ನಂಬಲಿಲ್ಲ, ಮೊಬೈಲಿನಲ್ಲಿ ಎರಡು ಸಲ ಗುಣಿಸಿ ನೋಡಿದಳು.

ಗ್ರಹ ಎಷ್ಟು ಎಂಬ ತಕರಾರು ಎರಡೂ ಊರಿನಲ್ಲಿ ಇದೆ. ಬ್ರಿಸ್ಟಲ್‌ನ ಮಕ್ಕಳು ಪ್ಲುಟೊ ಪರ ವಕಾಲತ್ತು ವಹಿಸುತ್ತಾರೆ, 2006ರ ಆಗಸ್ಟಿನಲ್ಲಿ ಅದನ್ನು ಪಟ್ಟಿಯಿಂದ ತೆಗೆದದ್ದು ಇವರು ಹುಟ್ಟುವ ಮೊದಲೇ ಆದರೂ ಸಿಟ್ಟು ಇಳಿದಿಲ್ಲ. ಉಡುಪಿಯಲ್ಲಿ ಒಬ್ಬ, "ಒಂಬತ್ತೇ, ದೇವಸ್ಥಾನದಲ್ಲಿ ಎಣಿಸಿದ್ದೇನೆ" ಅಂದ. ಹೌದು, ಅಲ್ಲಿ ಸೂರ್ಯ ಚಂದ್ರರೂ ಇದ್ದಾರೆ, ರಾಹು ಕೇತುಗಳೂ ಇದ್ದಾರೆ, ಭೂಮಿ ಇಲ್ಲ. ನಿಂತ ನೆಲದಿಂದ ನೋಡಿ ಮಾಡಿದ ಪಟ್ಟಿಯಲ್ಲಿ ನೆಲ ಬರುವುದಾದರೂ ಹೇಗೆ? ರಾಹು ಕೇತು ಎಂದರೆ ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಅಡ್ಡ ದಾಟುವ ಎರಡು ಜಾಗ. ಅಲ್ಲಿ ಇಬ್ಬರೂ ಹೊಂದಿಕೊಂಡಾಗಲೇ ಗ್ರಹಣ. ಎರಡು ಬಳೆಗಳನ್ನು ಸ್ವಲ್ಪ ಓರೆಯಾಗಿ ಒಂದರೊಳಗೊಂದು ತೂರಿಸಿ ತೋರಿಸಿದರೆ ಐದನೇ ಕ್ಲಾಸಿಗೆ ಅರ್ಥವಾಗುತ್ತದೆ. ನನಗೆ ಬೇಕಿದ್ದದ್ದು ಎಂಟೋ ಒಂಬತ್ತೋ ಎಂಬ ಉತ್ತರವಲ್ಲ, ಪಟ್ಟಿ ಮಾಡಿದವರು ಎಲ್ಲಿ ನಿಂತಿದ್ದರು ಎಂಬ ಪ್ರಶ್ನೆ.

ವಯಸ್ಸಿನ ಲೆಕ್ಕದಲ್ಲಿ ಗೆದ್ದವರು ನನ್ನ ಅಮ್ಮ. ಹತ್ತು ವರ್ಷದವನಿಗೆ ಬುಧನಲ್ಲಿ ನಲವತ್ತೊಂದು ತುಂಬಿದೆ, ಗುರುವಿನಲ್ಲಿ ಇನ್ನೂ ಒಂದೂ ಆಗಿಲ್ಲ. ಅಮ್ಮನಿಗೆ 84. ಯುರೇನಸ್ ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವುದು 84 ವರ್ಷ. "ಅಜ್ಜಿಗೆ ಫಸ್ಟ್ ಬರ್ತ್‌ಡೇ" ಎಂದು ಗಲಾಟೆ. ಅದರ ಮೇಲೆ ತಮ್ಮನ ಮಗ, ಅಜ್ಜಿ ಎಷ್ಟು ಹುಣ್ಣಿಮೆ ಕಂಡಿರಬಹುದು ಎಂದು ಹನ್ನೆರಡನ್ನು 84ರಿಂದ ಗುಣಿಸಿ 1,008 ಅಂದ. ಹೂವು ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆ, "ಅಧಿಕ ಮಾಸ ಎಲ್ಲಿ ಹೋಯ್ತು?" ಎಂದರು. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸ. 84ಕ್ಕೆ ಮೂವತ್ತೊಂದು ಸೇರಿಸಿದರೆ 1,039. ಸಹಸ್ರ ಚಂದ್ರ ದರ್ಶನದ ಶಾಂತಿಯನ್ನು ಎಂಬತ್ತು ದಾಟಿದ ಮೇಲೆ ಯಾಕೆ ಮಾಡುತ್ತಾರೆ ಎಂಬ ಲೆಕ್ಕ ಅಲ್ಲೇ ಸಿಕ್ಕಿತು. ಹುಣ್ಣಿಮೆಯಿಂದ ಹುಣ್ಣಿಮೆಗೆ 29 ಮತ್ತು ಅರ್ಧ ದಿನ, ಸಾವಿರ ಹುಣ್ಣಿಮೆಗೆ 80 ವರ್ಷ 10 ತಿಂಗಳು. ಬ್ರಿಸ್ಟಲ್‌ನ ಪಾಠದಲ್ಲಿ ಈಗ ಇದನ್ನೂ ಸೇರಿಸಿಕೊಂಡಿದ್ದೇನೆ, ಅಜ್ಜಿ ಸಮೇತ.

ಊರಿನಲ್ಲಿ ಸಾಮಗ್ರಿಗೆ ಕೊರತೆ ಇಲ್ಲ. ಪಿಲಿಕುಳದಲ್ಲಿ 2018ರಿಂದ ತಾರಾಲಯ ಇದೆ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ. 1975ರಲ್ಲಿ ಆರ್ಯಭಟ ಉಪಗ್ರಹದ ತಂಡವನ್ನು ಮುನ್ನಡೆಸಿದ ಯು.ಆರ್. ರಾವ್ ಅದಮಾರಿನವರು. ಇಷ್ಟು ಸಾಕು, ಇನ್ನು ನನ್ನ ಸ್ವಾರ್ಥದ ಮಾತು.

ಉಡುಪಿಯಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ಮಧ್ಯಾಹ್ನ ನೇರ ನೆತ್ತಿಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ 17–18ರದ್ದನ್ನು ಮೋಡ ತಿಂದುಹಾಕುತ್ತದೆ. ಇನ್ನೊಂದು ಏಪ್ರಿಲ್ 25ರ ಆಸುಪಾಸು, ಮಂಗಳೂರಿನಲ್ಲಿ ಅದಕ್ಕಿಂತ ಒಂದು ದಿನ ಮೊದಲು. ಶಾಲೆಗಳಿಗೆ ಆಗ ಬೇಸಿಗೆ ರಜೆ, ಅಂದರೆ ಮಕ್ಕಳು ಅಂಗಳದಲ್ಲೇ ಸಿಗುತ್ತಾರೆ. ನನ್ನ ಕ್ಲಾಸಿನವರು ಅದೇ ದಿನ ಬ್ರಿಸ್ಟಲ್‌ನಲ್ಲಿ ಕೋಲು ನೆಡುತ್ತಾರೆ. ಅಲ್ಲಿ ಒಂದು ಮೀಟರ್ ಕೋಲಿಗೆ ಸುಮಾರು 79 ಸೆಂ.ಮೀ. ನೆರಳು ಬರಬೇಕು, ಕೋಲಿಗೂ ಬಿಸಿಲಿಗೂ ನಡುವಿನ ಕೋನ 38 ಡಿಗ್ರಿ ಚಿಲ್ಲರೆ. ಎರಡು ಊರುಗಳ ನಡುವಿನ ಉತ್ತರ–ದಕ್ಷಿಣ ಅಂತರವನ್ನು ಅಟ್ಲಾಸಿನಲ್ಲಿ ಅಳೆದು, 38 ಡಿಗ್ರಿಗೆ ಇಷ್ಟಾದರೆ 360ಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ತೆಗೆಯಬಹುದು. ನಮ್ಮ ಮೋಡದ ಭರವಸೆ ನಾನು ಕೊಡಲಾರೆ, ನಿಮ್ಮ ಏಪ್ರಿಲ್ ಬಿಸಿಲಿನ ಮೇಲೆ ನಂಬಿಕೆ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಒಂದು ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, 12 ಗಂಟೆಯಿಂದ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ಉಡುಪಿಯಲ್ಲಿ ನೆರಳು ಮಾಯವಾಗುವುದು 12.29ರ ಹೊತ್ತಿಗೆ. ಫೋಟೋ ಆಗಲೇ ಕಳಿಸಿದರೆ ಇಲ್ಲಿ ಬೆಳಿಗ್ಗೆ ಎಂಟು ಗಂಟೆ, ಮೊದಲ ಪೀರಿಯಡಿಗೇ ಬೋರ್ಡಿನ ಮೇಲೆ ಹಾಕಬಹುದು. ತಲೆಗೆ ಟೊಪ್ಪಿ ಇರಲಿ.