ಸಾಮಾನೆಲ್ಲ ಎಲ್ಲಿಂದ ತರ್ತೀರಿ?

ಮನೆಗೆ ಊಟಕ್ಕೆ ಬಂದವರು ಎರಡನೇ ಸಲ ಸಾರು ಹಾಕಿಸಿಕೊಳ್ಳುವಾಗ ಕೇಳಿಯೇ ಕೇಳುತ್ತಾರೆ: "ಸಾಮಾನೆಲ್ಲ ಎಲ್ಲಿಂದ ತರ್ತೀರಿ?" ಸಾರು ಹೇಗೆ ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಎಲ್ಲೋ ಒಂದು ಗುಟ್ಟಿನ ಅಂಗಡಿ ಇದೆ, ನಾನು ಹೆಸರು ಬಿಟ್ಟುಕೊಡುತ್ತಿಲ್ಲ ಅನ್ನುವ ಅನುಮಾನ ಅವರಿಗೆ. ವೈಟ್‌ಫೀಲ್ಡಿನಲ್ಲಿರುವ ಅಣ್ಣನ ಮಗಳಂತೂ, "ಅತ್ತೆ, ಆ ಅಂಗಡಿ ಲೊಕೇಶನ್ ಕಳಿಸಿ ಸಾಕು" ಅಂದಳು.

ಅಂಥ ಅಂಗಡಿ ಇಲ್ಲ ಕಣೇ.

ಉಪ್ಪು, ಸಕ್ಕರೆ, ತೊಗರಿಬೇಳೆ, ರವೆ ಎಲ್ಲ ನಾನೂ ನಮ್ಮ ಬೀದಿ ಕೊನೆಯ ಅಂಗಡಿಯಿಂದಲೇ ತರುವುದು. ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ಆಪ್‌ನಲ್ಲಿ ತರಿಸಿದರೂ ನನಗೇನು ವ್ಯತ್ಯಾಸ ಕಾಣುವುದಿಲ್ಲ. ಬೆಂಗಳೂರಿನ ಹನುಮಂತನಗರಕ್ಕೆ ಬಂದು 22 ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾನು ಹಠ ಹಿಡಿದಿರುವುದು ನಾಲ್ಕೈದು ಪದಾರ್ಥಕ್ಕೆ ಮಾತ್ರ. ಅವಕ್ಕಾಗಿ ಬಸ್ಸು ಹತ್ತುತ್ತೇನೆ (ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಇದು ಜಾಸ್ತಿಯೇ ಆಗಿದೆ), ತಿಂಗಳುಗಟ್ಟಲೆ ಕಾಯುತ್ತೇನೆ, ಒಮ್ಮೊಮ್ಮೆ ಜಗಳವನ್ನೂ ಆಡುತ್ತೇನೆ. ತೆಂಗಿನಕಾಯಿ ತವರುಮನೆ ತಿಪಟೂರಿನಿಂದ ಮೂಟೆಯಲ್ಲಿ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆ ವಿಷಯದಲ್ಲಿ ನನ್ನದು ಮೋಸದಾಟ.

ಮೊದಲು ಮೆಣಸಿನಕಾಯಿ. ಸಾರಿನ ಬಣ್ಣ, ಘಮ ಎರಡೂ ಅದರದೇ. ನನಗೆ ಬ್ಯಾಡಗಿಯೇ ಆಗಬೇಕು. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ ಕಾಯಿ, 2011ರಲ್ಲಿ ಜಿಐ ಗುರುತೂ (ಇದು ಇಂಥ ಸೀಮೆಯದೇ ಪದಾರ್ಥ ಅನ್ನುವ ಸರ್ಕಾರಿ ಮುದ್ರೆ) ಸಿಕ್ಕಿದೆ. ಖಾರ ಕಡಿಮೆ, ಬಣ್ಣ ದಂಡಿಯಾಗಿ. ಅದರಲ್ಲೂ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಗಿಡ್ಡಗೆ ದಪ್ಪಗೆ ಇರುತ್ತದೆ, ಕಡ್ಡಿ ಉದ್ದಕ್ಕೆ ತೆಳ್ಳಗೆ. ಪೇಟೆಯಲ್ಲಿ ಜಾಸ್ತಿ ಸಿಗುವುದು ಕಡ್ಡಿ. ಎರಡಾದರೂ ಸಿಪ್ಪೆ ಮಾತ್ರ ಅಜ್ಜಿಯ ಕೆನ್ನೆಯ ಹಾಗೆ ಸುಕ್ಕುಸುಕ್ಕಾಗಿರಬೇಕು. ನುಣ್ಣಗೆ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಒಂದು ವರ್ಷ ಸೋಮಾರಿತನ ಮಾಡಿ ನಾನೂ ಮೋಸಹೋಗಿದ್ದೇನೆ. ಅಂಗಡಿಯ ಹೆಸರು ಬೇಡ. "ಬ್ಯಾಡಗಿನೇ ಅಮ್ಮ, ಕಣ್ಣುಮುಚ್ಚಿ ತಗೊಳಿ" ಅಂದ. ನಾನು ನಿಜಕ್ಕೂ ಕಣ್ಣುಮುಚ್ಚಿಯೇ ಮೂರು ಕೆಜಿ ತಂದೆ. ಪುಡಿ ಮಾಡಿಸಿ ತಂದರೆ ಬಣ್ಣ ಇಟ್ಟಿಗೆ ಪುಡಿಯ ಹಾಗೆ ಮಂಕು, ಖಾರ ಮಾತ್ರ ನೆತ್ತಿಗೇರುವಂಥದ್ದು. ಯಜಮಾನರು ಒಂದು ತುತ್ತು ತಿಂದು ಏನೂ ಮಾತಾಡದೆ ಎದ್ದುಹೋಗಿ ಮಜ್ಜಿಗೆ ಪಾತ್ರೆಯನ್ನೇ ತಂದಿಟ್ಟುಕೊಂಡರು. ಆ ಪುಡಿ ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು.

ಈಗ ಫೆಬ್ರುವರಿ ಕೊನೆಗೋ ಮಾರ್ಚಿಗೋ, ಹೊಸ ಕಾಯಿ ಬಂದಮೇಲೆ ತರಗುಪೇಟೆಗೆ ಹೋಗುತ್ತೇನೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ ಅಂತ ಒಂದೊಂದು ಕಸುಬಿನ ಹೆಸರಿಟ್ಟುಕೊಂಡ ಹಳೇ ಬೆಂಗಳೂರಿನ ಭಾಗ ಅದು. ಮೂಟೆ ಬಿಚ್ಚಿಟ್ಟಿರುತ್ತಾರೆ. ಮೇಲಿನದು ಬಿಟ್ಟು ಒಳಗೆ ಕೈಹಾಕಿ ಒಂದು ಹಿಡಿ ತೆಗೆಯಬೇಕು. ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಅನ್ನದಿದ್ದರೆ ತೇವ ಇದೆ, ನೀರಿಗೆ ದುಡ್ಡು ಕೊಡುತ್ತಿದ್ದೀರಿ ಅಂತ ಅರ್ಥ. ಮುರಿದು ಮೂಸಿದರೆ ಖಾರದ ಘಾಟಿಗಿಂತ ಮೊದಲು ಒಂದು ಸಿಹಿ ವಾಸನೆ ಬರಬೇಕು. ಅಂಗಡಿಯವರು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ನಮ್ಮ ಮನೆಯ ಸಾರಿನ ಪುಡಿಯ ಅಳತೆಯನ್ನೂ ಹೇಳಿಬಿಡುತ್ತೇನೆ. ಅರ್ಧ ಕೆಜಿ ಮೆಣಸಿನಕಾಯಿಗೆ ಅರ್ಧ ಕೆಜಿ ಧನಿಯಾ, 100 ಗ್ರಾಂ ಜೀರಿಗೆ, 100 ಗ್ರಾಂ ಕಾಳುಮೆಣಸು, 50 ಗ್ರಾಂ ಮೆಂತ್ಯ, ಎರಡು ಹಿಡಿ ಕರಿಬೇವು. ಎಲ್ಲ ಬೇರೆಬೇರೆಯಾಗಿ ಹುರಿಯಬೇಕು. ಆಮೇಲೆ ಮಿಲ್ಲು. ಇಲ್ಲಿ ಒಂದು ಸಂಗತಿ ಯಾರೂ ಹೇಳಿಕೊಡುವುದಿಲ್ಲ: ನಿಮಗಿಂತ ಮುಂಚೆ ಯಾರು ಏನು ಬೀಸಿಸಿದರು ಅಂತ ಕೇಳಿ. ರಾಗಿ ಬೀಸಿದ ಮಿಷನ್ನಿಗೇ ಸಾರಿನ ಪುಡಿ ಹಾಕಿದರೆ ಮೊದಲ ಎರಡು ಹಿಡಿ ಕೆಟ್ಟಹಾಗೇ. ನಾನು ಇನ್ನೊಬ್ಬರ ಖಾರದ ಪುಡಿ ಮುಗಿಯುವವರೆಗೆ ಮಿಲ್ಲಿನ ಕಟ್ಟೆ ಮೇಲೆ ಕೂತಿರುತ್ತೇನೆ. ಸೀನು ಬರುತ್ತದೆ, ಆದರೆ ಊರಿನ ಸುದ್ದಿಯೆಲ್ಲ ಅಲ್ಲೇ ಸಿಗುತ್ತದೆ.

ಎರಡನೆಯದು ಅವರೆಕಾಯಿ. ಇದರ ಬಗ್ಗೆ ಮಾತು ಶುರುವಾದರೆ ನನ್ನನ್ನು ನಿಲ್ಲಿಸುವುದು ಕಷ್ಟ.

ಮಾಗಡಿ ಕಡೆಯ ಅವರೆ ಡಿಸೆಂಬರ್, ಜನವರಿಯಲ್ಲಿ ಗಾಂಧಿ ಬಜಾರಿನ ಫುಟ್‌ಪಾತಿಗೆ ಬಂದು ಬೀಳುತ್ತದೆ. ಮಂಜು ಬಿದ್ದಷ್ಟೂ ಸೊಗಡು ಏರುತ್ತದೆ ಅನ್ನುತ್ತಾರೆ ಮಾರುವವರು. ಸೊಗಡಿದ್ದರೆ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಇರುತ್ತದೆ. ಎರಡು ಕೆಜಿ ಬಿಡಿಸಿ ಕೈಯನ್ನು ಸೋಪು ಹಚ್ಚಿ ತೊಳೆದರೂ ಬೆರಳಿನ ವಾಸನೆ ಹೋಗಬಾರದು. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಎತ್ತಿದಾಗಲೂ ಮೂಗಿಗೆ ಬರಬೇಕು. ಅದೇ ಪರೀಕ್ಷೆ.

ಈಗ ವರ್ಷವಿಡೀ ಅವರೆ ಸಿಗುತ್ತಲ್ಲ, ಅದೇನು ಅಂತೀರಾ? ಹಳೆಯ ತಳಿಯ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಅದಕ್ಕೇ ಚಳಿಗಾಲದ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ತಳಿ ತಂದರು. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ, ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ, ನನ್ನದೇನೂ ತಕರಾರಿಲ್ಲ. ಆದರೆ ಬೇಸಿಗೆಯ ಅವರೆಯಲ್ಲಿ ಕಾಳು ಇರುತ್ತದೆ, ಸೊಗಡು ಇರುವುದಿಲ್ಲ. ನೋಡಲು ಒಂದೇ ಥರ. ರಾತ್ರಿ ನೆನೆಸಿ, ಬೆಳಿಗ್ಗೆ ಮನೆಮಂದಿಯೆಲ್ಲ ಕೂತು ಒಂದೊಂದೇ ಕಾಳು ಹಿತಕಿ, ಕೊನೆಗೆ ಬಟಾಣಿ ಸಾರಿನ ಹಾಗಾದರೆ ಸಿಟ್ಟು ಬರುತ್ತೆ, ಅಲ್ವಾ? ನಾನು ಫೆಬ್ರುವರಿಯಲ್ಲಿ ಶಿವರಾತ್ರಿ ಹೊತ್ತಿಗೆ ಅವರೆಯ ಲೆಕ್ಕ ಮುಗಿಸುತ್ತೇನೆ. ಆಮೇಲೆ ಹತ್ತು ತಿಂಗಳು ಉಪವಾಸ.

ಸೊಪ್ಪಿಗೆ ನನಗೊಬ್ಬ ಸೊಪ್ಪಿನಮ್ಮ ಇದ್ದಾಳೆ. ಕನಕಪುರ ರಸ್ತೆ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾಳೆ, ಹತ್ತು ಗಂಟೆಗೆಲ್ಲ ಗೋಣಿಚೀಲ ಝಾಡಿಸಿ ಎದ್ದುಹೋಗುತ್ತಾಳೆ. ಮಳೆಗಾಲದಲ್ಲಿ ಬೆರಕೆ ಸೊಪ್ಪು ತರುತ್ತಾಳೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಅಣ್ಣೆ, ಗಣಿಕೆ, ಹೊನಗೊನೆ, ಕಿರಕಸಾಲೆ ಎಲ್ಲ ಸೇರಿದ್ದು. ಅದರ ಬಸ್ಸಾರಿನ ಮುಂದೆ ಬೇರೆ ಯಾವ ಊಟವೂ ಬೇಡ. "ಏನಮ್ಮ, ಬೆರಕೆ ಇದೆಯಾ?" ಅಂದರೆ, "ಮಳೆ ಎಲ್ಲಕ್ಕ ಬಂತು?" ಅಂತ ನನಗೇ ತಿರುಗಿಸಿ ಕೇಳುತ್ತಾಳೆ. ಇಲ್ಲದಾಗ ಇದೆ ಅನ್ನುವುದಿಲ್ಲ. ಕೊತ್ತಂಬರಿಯಲ್ಲೂ ನಾಟಿ ಬೇರೆ, ಫಾರಂ ಬೇರೆ ಅಂತ ತೋರಿಸಿಕೊಟ್ಟವಳು ಅವಳೇ. ನಾಟಿ ಕಟ್ಟು ಚಿಕ್ಕದು, ನೋಡಲು ಬಡಕಲು. ಆದರೆ ಚೀಲದಲ್ಲಿದ್ದರೆ ಬಸ್ಸಿನಲ್ಲಿ ಪಕ್ಕದವರಿಗೂ ಗೊತ್ತಾಗುತ್ತದೆ. ಟೊಮೆಟೊ ಕೂಡ ಹಾಗೇ, ಸಾರಿಗೆ ಹುಳಿ ಇರುವ ನಾಟಿಯೇ ಸರಿ. ಗಟ್ಟಿ ಸಿಪ್ಪೆಯ ಫಾರಂ ಟೊಮೆಟೊ ಫ್ರಿಜ್ಜಿನಲ್ಲಿ ಚೆನ್ನಾಗಿ ಬಾಳುತ್ತದೆ, ಅಷ್ಟೇ.

ಬೆಲ್ಲದ ವಿಷಯದಲ್ಲಿ ಎಲ್ಲರಿಗೂ ಈಗ ಒಂದು ಮಾತು ಬಾಯಿಪಾಠ: ಕಪ್ಪಗಿದ್ದರೆ ಒಳ್ಳೆಯದು. ಅದು ಅರ್ಧ ನಿಜ. ಆಲೆಮನೆಯಲ್ಲಿ ಪಾಕಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಣ್ಣ ತೆಗೆದ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ, ಅದು ಬೇಡವೇ ಬೇಡ. ಆದರೆ ಸೀದುಹೋದ ಪಾಕವೂ ಕಪ್ಪು, ಒಂದು ಮಳೆಗಾಲ ಕಳೆದ ಹಳೇ ಬೆಲ್ಲವೂ ಕಪ್ಪು. ನಾನು ಒಂದು ಚೂರು ನಾಲಿಗೆಗೆ ಹಾಕಿಕೊಳ್ಳುತ್ತೇನೆ. ಉಪ್ಪುಪ್ಪಾಗಿದ್ದರೂ ಬೇಡ, ಕಹಿ ಉಳಿದರೂ ಬೇಡ. ಯಾವ ಬೆಲ್ಲವಾದರೂ ಪಾಯಸ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಲು ಹಾಕಿ. ಕುದಿಯುವಾಗ ಹಾಕಿ ಒಡೆದರೆ ಬೆಲ್ಲವನ್ನು ಬೈಯಬೇಡಿ.

ಕಾಫಿ ಪುಡಿ ಎದುರಿಗೇ ಬೀಸಿಕೊಡುವ ಅಂಗಡಿಯಲ್ಲಿ, 200 ಗ್ರಾಂಗಿಂತ ಜಾಸ್ತಿ ತರುವುದಿಲ್ಲ. ಚಿಕೋರಿ ನೂರಕ್ಕೆ ಇಪ್ಪತ್ತು. ಚಿಕೋರಿ ಹಾಕುವುದೇ ಪಾಪ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ಇನ್ನು, "ಇಷ್ಟೆಲ್ಲ ಮಾಡುವವರು ಹೊರಗೆ ಏನು ತಿಂತೀರಿ?" ಅನ್ನುವುದು ಇದರ ಬಾಲದ ಪ್ರಶ್ನೆ. ಮನೆಯಲ್ಲಿ ಆಗದ್ದನ್ನು ತಿನ್ನುತ್ತೇನೆ. ದಪ್ಪ ಕಬ್ಬಿಣದ ದೊಡ್ಡ ಕಾವಲಿ ಬೆಳಗಿನಿಂದ ಕಾದು ಕೂತಿರಬೇಕು, ಆಗಲೇ ಮಸಾಲೆ ದೋಸೆಗೆ ಆ ಗರಿ ಬರುವುದು. ನಮ್ಮ ಗ್ಯಾಸ್ ಒಲೆಗೆ ಆ ಶಕ್ತಿ ಇಲ್ಲ. ಅದಕ್ಕೇ ಗಾಂಧಿ ಬಜಾರಿಗೆ ಸೊಪ್ಪಿಗೆ ಹೋದ ದಿನ ವಿದ್ಯಾರ್ಥಿ ಭವನ. 1943ರಿಂದ ಇದೆ, ಶುಕ್ರವಾರ ಬಾಗಿಲು ಹಾಕಿರುತ್ತದೆ, ಇದನ್ನು ಮರೆತು ನಾನು ಎಷ್ಟು ಸಲ ವಾಪಸ್ ಬಂದಿದ್ದೇನೋ. ಇಡ್ಲಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಅಲ್ಲಿ ಸಾಂಬಾರೇ ಕೊಡುವುದಿಲ್ಲ, ಬರೀ ಚಟ್ನಿ. ಆ ಧೈರ್ಯ ನನಗೆ ಇಷ್ಟ. ಜೋಳದ ರೊಟ್ಟಿ ತಟ್ಟಲು ನನಗೆ ಬರುವುದಿಲ್ಲ, ಎರಡು ವರ್ಷ ಒದ್ದಾಡಿ ಬಿಟ್ಟೆ. ಉತ್ತರ ಕರ್ನಾಟಕದವರ ಅಂಗಡಿಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಂದಿಟ್ಟುಕೊಳ್ಳುತ್ತೇನೆ.

ಇದನ್ನೆಲ್ಲ ಅಣ್ಣನ ಮಗಳಿಗೆ ಜನವರಿಯಲ್ಲೇ ಹೇಳಿದ್ದೆ. ಮೊನ್ನೆ, ಮೇ ತಿಂಗಳ ಉರಿಬಿಸಿಲಲ್ಲಿ, ಫೋನ್ ಮಾಡಿದಳು. ಆಪ್‌ನಲ್ಲಿ ಅವರೆಕಾಳು ಸಿಕ್ಕಿತಂತೆ, ಹಿತಕಿದ ಬೇಳೆ ಸಾರು ಮಾಡಿದಳಂತೆ.

"ಎಲ್ಲ ನೀವು ಹೇಳಿದ ಹಾಗೇ ಹಾಕಿದೀನಿ ಅತ್ತೆ. ನಿಮ್ಮ ಪುಡಿನೇ. ಆದರೂ ಏನೋ ಇಲ್ಲ."

"ಬೆರಳು ಮೂಸಿ ನೋಡು" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ.

"ಸೋಪಿನ ವಾಸನೆ ಬರ್ತಿದೆ" ಅಂದಳು.